ತಲೆ ಮೇಲೆ ಪಟ್ಟೆ ಇಲ್ಲದ ಹೆಬ್ಬಾತು

ಡಿಸೆಂಬರ್ ಅಂದರೆ ನಮ್ಮ ಕಡೆ ಬೆಳಗ್ಗೆ ಚಳಿ, ಒಂಬತ್ತಕ್ಕೆಲ್ಲ ಚುರುಗುಟ್ಟುವ ಬಿಸಿಲು. ಅದೇ ಲೆಕ್ಕದಲ್ಲಿ ಭಾನುವಾರ ನಸುಕಿನಲ್ಲಿ ನಾನು, ನನ್ನ ತಮ್ಮ ಹುಬ್ಬಳ್ಳಿಯಿಂದ ಬೈಕ್ ಹತ್ತಿದೆವು. ಲಕ್ಷ್ಮೇಶ್ವರ ದಾಟುವಷ್ಟರಲ್ಲಿ ತುಂತುರು ಶುರುವಾಯಿತು. ಜರ್ಕಿನ್ ತೊಯ್ದು ಮೈಗೆ ಅಂಟಿತು, ಆದರೂ ಹಕ್ಕಿ ನೋಡಲು ಹೊರಟಿದ್ದ ಗದಗ ಜಿಲ್ಲೆಯ ಮಾಗಡಿ ಕೆರೆ ಇಷ್ಟು ಹತ್ತಿರ ಬಂದ ಮೇಲೆ ವಾಪಸ್ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಕೆರೆ ಖಾಲಿ ಖಾಲಿ. ಒಂದಿಷ್ಟು ನಾಮಗೋಳಿ, ಆಚೆ ದಡದಲ್ಲಿ ಚಲುಕ ಬಾತು, ಅಷ್ಟೇ. ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು, ಬೆಳಗಾದ ಮೇಲೆ ಕೆರೆಗೆ ಬಂದು ದಿನವೆಲ್ಲ ಇಲ್ಲೇ ಇರುತ್ತವೆ. ಹಾಗಾಗಿ ಮರದ ಕೆಳಗೆ ನಿಂತು ಕಾದೆವು. ಎರಿಮಣ್ಣು ಬೂಟಿಗೆ ಮೆತ್ತಿ ಮೆತ್ತಿ ಒಂದೊಂದು ಕಾಲೂ ಕಲ್ಲು ಕಟ್ಟಿದ ಹಾಗಾಗಿತ್ತು.

ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಅಜ್ಜ ಒಬ್ಬರು ಬಂದು ಪಕ್ಕದಲ್ಲಿ ನಿಂತರು.

"ಹಕ್ಕಿ ಬರ್ತಾವೇನ್ರಿ ಅಜ್ಜಾರ?"

"ಬರ್ತಾವ ತಮ್ಮಾ, ಎಲ್ಲಿ ಹೋಗ್ತಾವ. ನನಗ ಈ ಮೋಡದ್ದ ಚಿಂತಿ, ಕಡ್ಲಿಗೆ ಕೀಡಿ ಬೀಳ್ತಾವ."

ಹಕ್ಕಿ ಬೆಳೆ ತಿನ್ನುವುದಿಲ್ಲವಾ ಅಂದೆ. "ತಿಂತಾವ. ಅವಕ್ಕೂ ಹೊಟ್ಟಿ ಐತೆಲ್ಲಾ."

ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು, ನಮಗೆಲ್ಲ ಹೆಮ್ಮೆಯೇ. ಆದರೆ ಕೆರೆ ಮಲಗೋಕೆ ಜಾಗ ಕೊಡುತ್ತದೆ, ಊಟ ಹಾಕುವುದು ಸುತ್ತಲಿನ ಹೊಲ. ಇಂಥ ರೈತರು ಓಡಿಸಲು ನಿಂತರೆ ಕೆರೆ ಒಂದನ್ನೇ ಉಳಿಸಿಕೊಂಡು ಏನು ಮಾಡೋದು?

ಮೊದಲು ಬಂದಿದ್ದು ದನಿ. ಮೂಗಿನಿಂದ ಕರೆದಂತೆ ಆಂಗ್, ಆಂಗ್. ಆಮೇಲೆ ಮೋಡದ ಕೆಳಗೆ ಒಂದು ಸಾಲು, ಅದರ ಹಿಂದೆ ಇನ್ನೊಂದು, ಎಣಿಸುವುದನ್ನು ಬಿಟ್ಟುಬಿಟ್ಟೆ. ಕಿತ್ತಳೆ ಕಾಲು ಮುಂದೆ ಚಾಚಿ ನೀರಿಗೆ ಇಳಿದವು. ಬೆಳಕಿಲ್ಲ, ಫೋಟೊ ಆಗಲ್ಲ ಅಂತ ಕ್ಯಾಮೆರಾ ಬ್ಯಾಗಿಗೆ ಹಾಕಿ ಸುಮ್ನೆ ಬೈನಾಕ್ಯುಲರ್ ಹಿಡಿದು ಕೂತೆ.

ಹಾಗಾಗಿಯೇ ಅದು ಕಣ್ಣಿಗೆ ಬಿತ್ತು. ಎಲ್ಲದರ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಇದೊಂದಕ್ಕೆ ಪಟ್ಟೆಯೇ ಇಲ್ಲ, ನೆತ್ತಿಯಿಂದ ಕುತ್ತಿಗೆವರೆಗೆ ಮಾಸಲು ಬೂದು. ಈ ವರ್ಷದ ಮರಿ! ಹುಟ್ಟಿ ಏಳೆಂಟು ತಿಂಗಳೂ ಆಗಿರಲಿಕ್ಕಿಲ್ಲ. ಲಡಾಖೋ, ಟಿಬೆಟ್ಟೋ, ಮಂಗೋಲಿಯಾವೋ, ಎಲ್ಲಿಂದಲೋ ದೊಡ್ಡವುಗಳ ಜೊತೆ ಹಾರಿ ನಮ್ಮ ಶಿರಹಟ್ಟಿ ತಾಲ್ಲೂಕಿಗೆ ಬಂದಿದೆ. ನನಗೆ ಗಂಟಲು ಕಟ್ಟಿತು.

ಮಳೆ ಜೋರಾಯಿತು. ಆ ಮರಿಯ ಬೆನ್ನ ಮೇಲೆ ಹನಿಗಳು ಮಣಿಗಳಂತೆ ಉರುಳಿ ಜಾರುತ್ತಿದ್ದವು. ಒಮ್ಮೆ ಮೈ ಕೊಡವಿತು, ಕೊಕ್ಕನ್ನು ರೆಕ್ಕೆಯೊಳಗೆ ತೂರಿಸಿ ಮಲಗಿತು.