ಎಕ್ಸ್‌ರೇ ರೂಮನ್ನ ಬಂದು ನೋಡೋರು ಯಾರು?

ರೇಡಿಯೇಷನ್ ಅಂದ ತಕ್ಷಣ ನಮ್ ಕಡೆ ಜನಕ್ಕೆ ಕೈಗಾ ನೆನಪಾಗತ್ತೆ. ಕೈಗಾ ಮೇಲೆ ಕಣ್ಣಿಡೋಕೆ ವ್ಯವಸ್ಥೆ ಇದೆ, ಅಲ್ಲಿ ಪರಿಸರ ಪರೀಕ್ಷೆಗೆ ಅಂತಲೇ ಲ್ಯಾಬ್ ಇದೆ, ಸುತ್ತಮುತ್ತಲಿನ ನೀರು ಹಾಲು ಮೀನು ಎಲ್ಲಾ ಟೆಸ್ಟ್ ಮಾಡ್ತಾರೆ, ಸ್ಥಾವರದ ಹೊರಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಡಿಸಿ ನೇತೃತ್ವದಲ್ಲಿ ಜಿಲ್ಲಾಡಳಿತ ಏನ್ ಮಾಡ್ಬೇಕು ಅಂತ ಪ್ಲಾನ್ ಕೂಡ ಇದೆ. ಆದ್ರೆ ನಮ್ಮಲ್ಲಿ ಎಷ್ಟು ಜನ ಕೈಗಾ ಹತ್ರ ಹೋಗ್ತಾರೆ? ಎಕ್ಸ್‌ರೇ ರೂಮಿಗೆ ಹೋಗದೇ ಇರೋರು ಎಷ್ಟು ಜನ ಸಿಗ್ತಾರೆ? ಪ್ರಕೃತಿಯಿಂದ ಬರೋದನ್ನ ಬಿಟ್ರೆ ಮನುಷ್ಯರಿಗೆ ಸಿಗೋ ರೇಡಿಯೇಷನ್‌ನಲ್ಲಿ ದೊಡ್ಡ ಪಾಲು ಆಸ್ಪತ್ರೆಯಿಂದಲೇ ಬರೋದು, ಎಕ್ಸ್‌ರೇ, ಸಿಟಿ ಸ್ಕ್ಯಾನ್, ಇಂಥವುಗಳಿಂದ. ನಾನು ಎಕ್ಸ್‌ರೇ ಟೆಕ್ನಿಷಿಯನ್, ಸಣ್ಣ ನರ್ಸಿಂಗ್ ಹೋಮಲ್ಲೂ ಇದ್ದೆ ದೊಡ್ಡ ಆಸ್ಪತ್ರೆಲೂ ಇದ್ದೆ, ಅದಕ್ಕೇ ಈ ವಿಷಯ ಒಂದ್ಸಲ ಪೂರ್ತಿ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು.

ಮೊದಲು ಕಾನೂನು ಎಲ್ಲಿ ಕೂತಿದೆ ನೋಡಿ. ಸಂವಿಧಾನದಲ್ಲಿ ಅಣುಶಕ್ತಿ ಕೇಂದ್ರದ ಪಟ್ಟಿಲಿ 6ನೇ ನಂಬರ್, ಸಾರ್ವಜನಿಕ ಆರೋಗ್ಯ ಮತ್ತೆ ಆಸ್ಪತ್ರೆ ರಾಜ್ಯದ ಪಟ್ಟಿಲಿ 6ನೇ ನಂಬರ್. ಎಕ್ಸ್‌ರೇ ಮಷೀನ್ ಇವೆರಡರ ಮಧ್ಯೆ ನಿಂತಿದೆ. ಮಷೀನಿಗೆ ಪರ್ಮಿಷನ್ ಕೊಡೋದು 1983ರಲ್ಲಿ ಶುರುವಾದ ಎಇಆರ್‌ಬಿ, ಅಂದ್ರೆ ಅಣುಶಕ್ತಿ ನಿಯಂತ್ರಣ ಮಂಡಳಿ, ಅದರ ಮುಖ್ಯ ಆಫೀಸು ಮುಂಬೈನಲ್ಲಿ. ಆಸ್ಪತ್ರೆ ನಡೆಸೋಕೆ ಪರ್ಮಿಷನ್ ಕೊಡೋದು ನಮ್ ರಾಜ್ಯ, 2007ರ ಕೆಪಿಎಂಇ, ಅಂದ್ರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಜಿಲ್ಲೆ ಮಟ್ಟದಲ್ಲಿ. ಮುಂಬೈನಿಂದ ಯಾರಾದ್ರೂ ಬಂದು ಪ್ರತಿ ತಾಲೂಕಿನ ಪ್ರತಿ ಎಕ್ಸ್‌ರೇ ರೂಮಿನ ಬಾಗಿಲು ಸರಿಯಾಗಿ ಮುಚ್ಚತ್ತಾ ಅಂತ ನೋಡೋಕಾಗತ್ತಾ, ನೀವೇ ಹೇಳಿ.

ಇದು ನಾನೊಬ್ಬ ಹೇಳ್ತಿರೋದಲ್ಲ. ಪ್ರತಿ ರಾಜ್ಯದಲ್ಲೂ ರೇಡಿಯೇಷನ್ ಸುರಕ್ಷತಾ ನಿರ್ದೇಶನಾಲಯ ಅಂತ ಒಂದು ಇರ್ಬೇಕು, ಆಸ್ಪತ್ರೆ ಎಕ್ಸ್‌ರೇ ಮಷೀನ್‌ಗಳನ್ನ ಅದು ನೋಡ್ಕೋಬೇಕು ಅಂತ 2001ರಲ್ಲೇ ಸುಪ್ರೀಂ ಕೋರ್ಟ್ ನಿರ್ದೇಶನ ಬಂದಿತ್ತು. 2012ರಲ್ಲಿ ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡೋ ಸಿಎಜಿ ರಿಪೋರ್ಟ್ ಬಂದಾಗ ಹಾಗೆ ಮಾಡಿದ್ದು ಎರಡೇ ರಾಜ್ಯ, ಕೇರಳ ಮತ್ತೆ ಮಿಜೋರಾಂ. ಅದೇ ರಿಪೋರ್ಟಲ್ಲಿ ಇನ್ನೊಂದು ಲೆಕ್ಕ ಇತ್ತು, ಓದಿದ ದಿನ ನಂಗೆ ನಿದ್ದೆ ಸರಿಯಾಗಿ ಬರ್ಲಿಲ್ಲ, ದೇಶದಲ್ಲಿದ್ದ 57,443 ಮೆಡಿಕಲ್ ಎಕ್ಸ್‌ರೇ ಘಟಕಗಳಲ್ಲಿ ರಿಜಿಸ್ಟರ್ ಆಗಿದ್ದು ಬರೀ 5,270. ಮಿಕ್ಕಿದ್ದೆಲ್ಲ ಯಾರ ಲೆಕ್ಕದಲ್ಲೂ ಇರ್ಲಿಲ್ಲ. ಆಮೇಲೆ ಇ-ಲೋರಾ ಅಂತ ಆನ್‌ಲೈನ್ ವ್ಯವಸ್ಥೆ ಬಂತು, ಮನೇಲಿ ಕೂತು ಅಪ್ಲಿಕೇಷನ್ ಹಾಕಬಹುದು, ಪರಿಸ್ಥಿತಿ ಖಂಡಿತ ಸುಧಾರಿಸಿದೆ. ಆದ್ರೆ ಸರ್ಟಿಫಿಕೇಟ್ ಇರೋದು ಬೇರೆ, ರೂಮು ಸರಿ ಇರೋದು ಬೇರೆ.

ರೂಮಲ್ಲಿ ಏನ್ ನೋಡ್ಬೇಕು ಅಂದ್ರೆ ಅದೇನ್ ರಾಕೆಟ್ ಸೈನ್ಸ್ ಅಲ್ಲ. ಗೋಡೆ 9 ಇಂಚು ಇಟ್ಟಿಗೆದು ಇರ್ಬೇಕು, ಬಾಗಿಲಿಗೆ ಒಳಗೆ ಸೀಸದ ಶೀಟ್ ಇರ್ಬೇಕು, ಚೆಸ್ಟ್ ಎಕ್ಸ್‌ರೇ ತೆಗೆಯೋ ಸ್ಟ್ಯಾಂಡು ಬಾಗಿಲ ಕಡೆಗಾಗ್ಲಿ ಕಂಟ್ರೋಲ್ ಪ್ಯಾನಲ್ ಕಡೆಗಾಗ್ಲಿ ಇರ್ಬಾರ್ದು, ಎಕ್ಸ್‌ಪೋಷರ್ ಕೊಡುವಾಗ ಹೊರಗೆ ಕೆಂಪು ಲೈಟ್ ಉರೀಬೇಕು, ಎರಡು ವರ್ಷಕ್ಕೊಂದ್ಸಲ ಮಷೀನಿನ ಕ್ಯೂಎ ಟೆಸ್ಟ್, ಅಂದ್ರೆ ಗುಣಮಟ್ಟದ ಪರೀಕ್ಷೆ, ಆಗಿರ್ಬೇಕು. ನಾನು ಮೊದಲು ಕೆಲಸಕ್ಕಿದ್ದ ಕಡೆ ಆ ಲೈಟಿನ ಬಲ್ಬ್ ಹೋಗಿ ಎಷ್ಟೋ ತಿಂಗಳಾಗಿತ್ತು, ಹೇಳಿದ್ರೆ ನೋಡೋಣ ಅಂತಿದ್ರು. ಬಾಗಿಲು ಮಳೆಗಾಲದಲ್ಲಿ ಉಬ್ಬಿ ಪೂರ್ತಿ ಮುಚ್ತಾನೇ ಇರ್ಲಿಲ್ಲ, ಅದರ ಎದುರಿಗೇ ಬೆಂಚು, ಬೆಂಚ್ ಮೇಲೆ ಬಸುರಿ ಹೆಂಗಸರು ಕೂತಿರೋರು ಯಾಕಂದ್ರೆ ಪಕ್ಕದ ರೂಮೇ ಸ್ಕ್ಯಾನಿಂಗು.

ಟಿಎಲ್‌ಡಿ ಬ್ಯಾಡ್ಜ್ ಕಥೆ ಇನ್ನೊಂದು. ನೋಡೋಕೆ ಐಡಿ ಕಾರ್ಡ್ ಥರ, ಒಳಗೆ ಸಣ್ಣ ಸಣ್ಣ ಬಿಲ್ಲೆ ಇರತ್ತೆ, ಎದೆ ಹತ್ರ ಸೀಸದ ಏಪ್ರನ್ ಒಳಗಡೆ ಹಾಕೋಬೇಕು, ಮೂರು ತಿಂಗಳಿಗೊಂದ್ಸಲ ಲ್ಯಾಬಿಗೆ ಕಳಿಸಿದ್ರೆ ನಮಗೆ ಎಷ್ಟು ಡೋಸ್ ಬಿದ್ದಿದೆ ಅಂತ ರಿಪೋರ್ಟ್ ಬರತ್ತೆ. ನಮ್ಮಂಥ ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯೋ ಮಾನ) ದಾಟಬಾರ್ದು, ಯಾವ ವರ್ಷವೂ 30 ದಾಟಬಾರ್ದು, ಸಾಮಾನ್ಯ ಜನಕ್ಕೆ ಮಿತಿ ವರ್ಷಕ್ಕೆ 1. ಎಷ್ಟೋ ಕಡೆ ಈ ಬ್ಯಾಡ್ಜ್ ಮೇಜಿನ ಡ್ರಾಯರಲ್ಲಿ ಇರತ್ತೆ, ರಿಪೋರ್ಟಲ್ಲಿ ಸೊನ್ನೆ ಬರತ್ತೆ, ಎಲ್ರೂ ಸಮಾಧಾನ. ಆ ಸೊನ್ನೆ ಡ್ರಾಯರಿಂದು, ಕೆಲಸ ಮಾಡೋ ಹುಡುಗಂದಲ್ಲ. ಇದನ್ನ ಕಂಡುಹಿಡಿಯೋಕೆ ಯಾವ ವಿಜ್ಞಾನಿಯೂ ಬೇಡ, ಹೇಳದೇ ಕೇಳದೇ ಒಂದಿನ ಬಂದು ರೂಮೊಳಗೆ ನಿಂತು ನೋಡಿದ್ರೆ ಸಾಕು.

ಇಂಥ ಕೆಲಸ ಮಾಡೋ ತಾಕತ್ತು ರಾಜ್ಯಕ್ಕಿಲ್ಲ ಅಂತ ಯಾರೂ ಹೇಳ್ಬೇಡಿ. ಭ್ರೂಣದ ಲಿಂಗ ಪತ್ತೆ ತಡೆಯೋ ಪಿಸಿಪಿಎನ್‌ಡಿಟಿ ಕಾಯ್ದೆ ನೋಡಿ. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಥರದ ರೇಡಿಯೇಷನ್ ಇಲ್ವೇ ಇಲ್ಲ, ಆದ್ರೂ ಹೆಣ್ಣು ಭ್ರೂಣ ಉಳೀಬೇಕು ಅಂತ 1994ರ ಆ ಕಾಯ್ದೆ ಕೆಳಗೆ ಜಿಲ್ಲೆಯಿಂದ ಟೀಮ್ ಬರತ್ತೆ, ಬಸುರಿಯರ ಸ್ಕ್ಯಾನಿಂಗ್‌ಗೆ ತುಂಬೋ ಫಾರ್ಮ್ ಎಫ್ ಒಂದೊಂದೇ ತಿರುವಿ ನೋಡ್ತಾರೆ, ಒಂದು ಸಹಿ ಇಲ್ದಿದ್ರೂ ಕೇಳ್ತಾರೆ, ಮಷೀನ್ ಸೀಲ್ ಮಾಡಿದ್ದೂ ಇದೆ. ಹಾಗೇ ಆಗ್ಬೇಕು, ನಾನು ಅದನ್ನ ಮೆಚ್ತೀನಿ. ನನ್ನ ಸಂಕಟ ಏನಂದ್ರೆ ಅದೇ ಟೀಮು ಸ್ಕ್ಯಾನಿಂಗ್ ರೂಮ್ ನೋಡ್ಕೊಂಡು ಪಕ್ಕದ ಎಕ್ಸ್‌ರೇ ರೂಮನ್ನ ದಾಟಿ ಹೋಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಯಾಕಂದ್ರೆ ಅದು ಅವರ ಫೈಲಲ್ಲಿ ಇಲ್ಲ.

2010ರ ಏಪ್ರಿಲಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರ್ಕೆಟ್‌ನಲ್ಲಿ ಏನಾಯ್ತು ನೆನಪಿದ್ಯಾ, ದಿಲ್ಲಿ ಯೂನಿವರ್ಸಿಟಿ ಲ್ಯಾಬಲ್ಲಿ ವರ್ಷಗಟ್ಟಲೆ ಮೂಲೇಲಿ ಬಿದ್ದಿದ್ದ ಮಷೀನನ್ನ ಹರಾಜು ಹಾಕಿದ್ರು, ಗುಜರಿಯವರು ಬಿಚ್ಚಿದ್ರು, ಒಳಗಿದ್ದಿದ್ದು ಕೋಬಾಲ್ಟ್-60, ತಾನಾಗೇ ರೇಡಿಯೇಷನ್ ಸೂಸ್ತಾನೇ ಇರೋ ವಸ್ತು. ಒಬ್ಬ ಕೂಲಿಕಾರ ಸತ್ತ, ಇನ್ನೂ ಕೆಲವರು ಸುಟ್ಟಗಾಯದಿಂದ ನರಳಿದ್ರು. ಎಕ್ಸ್‌ರೇ ಮಷೀನ್ ಹಾಗಲ್ಲ, ಸ್ವಿಚ್ ಆಫ್ ಮಾಡಿದ್ರೆ ರೇಡಿಯೇಷನ್ ನಿಲ್ಲತ್ತೆ, ಹೆದರ್ಕೊಂಡು ಎಕ್ಸ್‌ರೇನೇ ಬೇಡ ಅನ್ನಬೇಡಿ, ಡಾಕ್ಟರ್ ಅಗತ್ಯ ಅಂದ್ರೆ ತೆಗೆಸ್ಕೊಳ್ಳಿ. ಆದ್ರೆ ಹತ್ರದಲ್ಲಿರೋರು ಯಾರೂ ನೋಡ್ತಿಲ್ಲ ಅನ್ನೋ ಮೂಲ ಕಾಯಿಲೆ ಎರಡೂ ಕಡೆ ಒಂದೇ.

ಹಾಗಾಗಿ ನಾನು ಕೇಳ್ತಿರೋದು ದೊಡ್ಡದೇನಲ್ಲ. ಕೆಪಿಎಂಇ ಇನ್ಸ್‌ಪೆಕ್ಷನ್‌ಗೆ ಬಂದೋರು ಎಇಆರ್‌ಬಿ ಕಾಗದದ ಜೆರಾಕ್ಸ್ ತಗೊಂಡು ಹೋಗೋದ್ರ ಜೊತೆಗೆ ಎಕ್ಸ್‌ರೇ ರೂಮೊಳಗೆ ಬರ್ಲಿ, ಬಾಗಿಲು ಎಳೆದು ನೋಡ್ಲಿ, ಟೆಕ್ನಿಷಿಯನ್ ಎದೆ ಮೇಲೆ ಬ್ಯಾಡ್ಜ್ ಇದ್ಯಾ ನೋಡ್ಲಿ, ಕ್ಯೂಎ ರಿಪೋರ್ಟಿನ ತಾರೀಖು ಓದ್ಲಿ. ಜಿಲ್ಲೆಗೊಬ್ಬರು ಈ ವಿಷಯ ಗೊತ್ತಿರೋರು ಡಿಎಚ್‌ಓ, ಅಂದ್ರೆ ಜಿಲ್ಲಾ ಆರೋಗ್ಯಾಧಿಕಾರಿ ಆಫೀಸಲ್ಲಿ ಇರ್ಲಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೇಲಿ ರೇಡಿಯೇಷನ್ ಫಿಸಿಕ್ಸ್ ಓದಿದೋರು ಇದಾರೆ, ಟ್ರೈನಿಂಗ್ ಕೊಡಿಸೋದು ಕಷ್ಟವಲ್ಲ. ಅಲ್ಲೀವರೆಗೂ ನೀವು ರೂಮೊಳಗೆ ಹೋದಾಗ ಬಸುರಿ ಇರೋ ಸಾಧ್ಯತೆ ಇದ್ರೆ ಮೊದಲೇ ಹೇಳಿ, ಮಗುನ ಹಿಡ್ಕೊಂಡು ನಿಲ್ಲಿ ಅಂದ್ರೆ ಏಪ್ರನ್ ಕೊಡಿ ಅಂತ ಕೇಳಿ, ಬಾಗಿಲು ತೆಗೆದೇ ಇದ್ರೆ ಹಾಕಿ ಅನ್ನಿ, ಯಾರೂ ಬೈಯಲ್ಲ, ಬೈದ್ರೆ ಡಿಎಚ್‌ಓಗೆ ಒಂದು ಅರ್ಜಿ ಬರೀರಿ.