ಏಳೂಕಾಲು ಕೆಜಿ ಗುಂಡಿನ ಮೊದಲ ಕೂಟ

ಶಾಲೆಯಲ್ಲಿ ಚೆನ್ನಾಗಿ ಗುಂಡು ಎಸೆಯುತ್ತಿದ್ದ ಎಷ್ಟೋ ಹುಡುಗರು ಕಾಲೇಜಿಗೆ ಬಂದಮೇಲೆ ಮೈದಾನದ ಕಡೆ ತಲೆ ಹಾಕುವುದಿಲ್ಲ. ಸೋಮಾರಿಯಾದ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ನಾನು ಕಂಡಂತೆ ಕಾರಣ ಗುಂಡಿನ ತೂಕ. 18ರ ಒಳಗಿನ ಹುಡುಗರಿಗೆ 5 ಕೆಜಿ, 20ರ ಒಳಗೆ 6 ಕೆಜಿ, ದೊಡ್ಡವರಿಗೆ 7.26 ಕೆಜಿ. ಕಾಲೇಜು ಕೂಟಕ್ಕೆ ಕಾಲಿಟ್ಟಾಗ ನನ್ನ ಕೈಗೆ ಸೀದಾ ದೊಡ್ಡವರ ಗುಂಡೇ ಬಂತು. ವರ್ಷಗಟ್ಟಲೆ ಬೆವರು ಸುರಿಸಿ ಮುಟ್ಟಿದ ದೂರ ಒಂದೇ ದಿನದಲ್ಲಿ ಎರಡು ಮೀಟರ್‌ಗಿಂತ ಜಾಸ್ತಿ ಹಿಂದಕ್ಕೆ ಹೋಯಿತು. ದೂರ ಕಮ್ಮಿಯಾಗಿದೆ ಅಂದರೆ ಮನೆಯವರ ಕಿವಿಗೆ ಮಗ ಅಭ್ಯಾಸ ಬಿಟ್ಟಿದ್ದಾನೆ ಅಂತಲೇ ಕೇಳಿಸುತ್ತದೆ, ಅಲ್ವಾ?

ನಮ್ಮ ಕೋಚ್ ಮಾತ್ರ ದೂರದ ಮಾತೇ ಎತ್ತಲಿಲ್ಲ. ಅಭ್ಯಾಸ ಮುಗಿದ ಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡುತ್ತಿದ್ದರು. ಬೆರಳ ಬುಡ ಮಣ್ಣಾಗಿರಬೇಕು, ಕತ್ತು ಮಣ್ಣಾಗಿರಬೇಕು, ಅಂಗೈ ಮಾತ್ರ ಚೊಕ್ಕವಾಗಿರಬೇಕು. ಗುಂಡು ಅಂಗೈಯಲ್ಲಿ ಕೂತರೆ ಬರೀ ತೋಳು ದುಡಿಯುತ್ತದೆ. ಬೆರಳ ಬುಡದಲ್ಲಿ ಕೂತು, ದವಡೆಯ ಕೆಳಗೆ ಕತ್ತಿಗೆ ಒತ್ತಿಕೊಂಡಿದ್ದರೆ ಕಾಲಿನಲ್ಲಿ ಹುಟ್ಟಿದ ಬಲ ಸೊಂಟ, ಎದೆ, ಭುಜ ದಾಟಿ ಕಟ್ಟಕಡೆಗೆ ಬೆರಳಿಗೆ ಬಂದು ಮುಟ್ಟುತ್ತದೆ. 5 ಕೆಜಿಯನ್ನು ತೋಳಿನ ಬಲದಲ್ಲೇ ಎಸೆದು ಗೆದ್ದುಬಿಡಬಹುದು. 7.26 ಅದಕ್ಕೆಲ್ಲ ಜಗ್ಗುವುದಿಲ್ಲ.

ಅದು ಹಾಂಗ್‌ಝೌ ಏಷ್ಯನ್ ಗೇಮ್ಸ್ ನಡೆದ ವರ್ಷ, 2023. ಅಕ್ಟೋಬರ್ 1ರ ಭಾನುವಾರ ಹಾಸ್ಟೆಲಿನಲ್ಲಿ ಭಾರತದ ಗುಂಡು ಎಸೆತಗಾರ ತಜಿಂದರ್‌ಪಾಲ್ ಸಿಂಗ್ ತೂರ್ ಎಸೆಯುವುದನ್ನು ನೋಡುತ್ತಾ ಕೂತಿದ್ದೆವು. ಅದೇ ಜೂನ್‌ನಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದು ಏಷ್ಯಾ ದಾಖಲೆ ಮಾಡಿದ್ದ ಮನುಷ್ಯ. ಅವತ್ತು ಮೊದಲೆರಡು ಎಸೆತ ಫೌಲ್. ಸೌದಿಯ ಟೋಲೊ 20.18ರಲ್ಲಿ ಮುಂದಿದ್ದ. ತೂರ್ ಕೊನೆಯ ಎಸೆತದಲ್ಲಿ 20.36 ಹಾಕಿ ಚಿನ್ನ ತಂದರು. ಹಾಸ್ಟೆಲ್ ಹಾರಿಹೋಗುವ ಹಾಗೆ ಕಿರುಚಿದೆವು. ನನಗೆ ಖುಷಿಯ ಜೊತೆ ಒಂದು ಧೈರ್ಯವೂ ಬಂತು. ಅಷ್ಟು ದೊಡ್ಡ ಎಸೆತಗಾರನಿಗೂ ತನ್ನ ದೂರ ಅನ್ನುವುದು ಜೇಬಿನಲ್ಲಿಟ್ಟುಕೊಂಡು ಓಡಾಡುವ ವಸ್ತುವಲ್ಲ, ಪ್ರತಿ ಸಲ ಆ ವೃತ್ತದೊಳಗೆ ಹೊಸದಾಗಿ ಹುಟ್ಟಿಸಿಕೊಳ್ಳಬೇಕು.

ಕೆಲವೇ ವಾರಗಳಲ್ಲಿ ನಮ್ಮ ಅಂತರ ಕಾಲೇಜು ಕೂಟ ಬಂತು. ಹಿಂದಿನ ರಾತ್ರಿ ಮಳೆಯಾಗಿ ವೃತ್ತದ ಸಿಮೆಂಟ್ ಇನ್ನೂ ತೇವ. ಒಬ್ಬೊಬ್ಬರೂ ಗೋಣಿಚೀಲದ ಮೇಲೆ ಶೂ ಉಜ್ಜಿ ಒಳಗೆ ಹೋಗುತ್ತಿದ್ದೆವು. ಆ ವೃತ್ತದ ಅಗಲ 2.135 ಮೀಟರ್, ಅಷ್ಟೇ ಜಾಗ. ಬೆನ್ನು ತಿರುಗಿಸಿ ನಿಂತು, ಬಗ್ಗಿ, ಬಲಗಾಲಲ್ಲಿ ಹಿಂದಕ್ಕೆ ಜಾರಿ, ಎಡಗಾಲನ್ನು ಮುಂದಿನ ಹಲಗೆಯ ಹತ್ತಿರ ಊರಿ, ಎಸೆದಮೇಲೂ ಮೈ ತಡೆದು ನಿಲ್ಲಬೇಕು. ಹಲಗೆಯ ಮೇಲೆ ಕಾಲು ತಾಗಿದರೆ ಫೌಲ್. ಎಸೆದು ವೃತ್ತದ ಹಿಂದಿನ ಅರ್ಧದಿಂದ ಹೊರಗೆ ಬರದಿದ್ದರೂ ಫೌಲ್.

ಮೊದಲ ಮೂರು ಸುತ್ತಿನಲ್ಲಿ ಎಂಟರೊಳಗೆ ಬಂದವರಿಗೆ ಮಾತ್ರ ಇನ್ನೂ ಮೂರು ಎಸೆತ. ನಾನು ಹೇಗೋ ಕೊನೆಯವನಾಗಿ ಒಳಗೆ ಬಂದೆ. ಆಮೇಲಿನ ಒಂದು ಎಸೆತ ಇವತ್ತಿಗೂ ಮೈಯಲ್ಲಿ ಹಾಗೇ ಇದೆ. ಜಾರಿದ ಬಲಗಾಲು ಸರಿಯಾಗಿ ಮೈಯ ಕೆಳಗೆ ಬಂದು ಕೂತಿತು, ಎಡಗಾಲು ಗಟ್ಟಿಯಾಗಿ ಊರಿತು, ಸೊಂಟ ತಿರುಗುವವರೆಗೂ ಭುಜ ಹಿಂದೆಯೇ ಉಳಿಯಿತು. ಗುಂಡು ಕತ್ತು ಬಿಟ್ಟು ಹೋಗುವಾಗ ಭಾರವೇ ಅನಿಸಲಿಲ್ಲ. ಟೇಪ್ ಹಿಡಿದವರು ಕೂಗಿದ ಅಂಕಿ ಶಾಲೆಯ ದಿನಗಳ ನನ್ನ ದೂರಕ್ಕಿಂತ ಇನ್ನೂ ಒಂದೂವರೆ ಮೀಟರ್ ಹಿಂದೆಯೇ ಇತ್ತು. ಆದರೆ ಅದು ನಾನು ಅಲ್ಲಿಯವರೆಗೆ ಎಸೆದ ಅತ್ಯುತ್ತಮ ಎಸೆತ, ಇದರಲ್ಲಿ ನನಗೆ ಒಂದು ಚೂರೂ ಅನುಮಾನವಿಲ್ಲ. ಶಾಲೆಯಲ್ಲಿ ಗೆದ್ದ ಯಾವ ಎಸೆತದಲ್ಲೂ ನನ್ನ ಕಾಲು ಅಷ್ಟು ಕೆಲಸ ಮಾಡಿರಲಿಲ್ಲ.

ಪದಕ ಬರಲಿಲ್ಲ, ಆರನೆಯವನಾದೆ. ಈಗ ಊರಿಗೆ ಹೋದಾಗಲೆಲ್ಲ ಶಾಲೆಯ ಮಕ್ಕಳಿಗೆ ನನ್ನ ಗುಂಡನ್ನು ಕತ್ತಿಗಿಟ್ಟು ಭಾರ ತೋರಿಸುತ್ತೇನೆ. ಎಸೆಯೋಕಲ್ಲ, ಮುಂದೆ ಏನು ಬರಲಿದೆ ಅಂತ ಗೊತ್ತಾಗಲಿ ಅಂತ. ಪಿಟಿ ಮೇಷ್ಟ್ರುಗಳಿಗೆ ನನ್ನದೊಂದು ಬೇಡಿಕೆಯೂ ಇದೆ. ಮಕ್ಕಳ ಸರ್ಟಿಫಿಕೇಟಿನಲ್ಲಿ ದೂರದ ಪಕ್ಕದಲ್ಲೇ ಗುಂಡಿನ ತೂಕವನ್ನೂ ಬರೆಯಿರಿ.