ಯಾರ ಎದುರು ಹೊಡೆದದ್ದು?

ದಾವಣಗೆರೆಯಲ್ಲಿ ಕಾಲೇಜ್ ಟೀಮಿಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗ ನಮ್ಮ ಪಿಇ ಸರ್ ನನ್ನನ್ನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಸರ್, ಇವತ್ತು ಹದಿನೆಂಟು ಪಾಯಿಂಟ್ ಹೊಡೆದೆ" ಅಂತ ಓಡಿ ಹೋಗಿ ಹೇಳಿದರೆ, "ಯಾರ ಎದುರು?" ಅನ್ನೋರು. ಅಷ್ಟೇ. ನನಗೆ ಸಿಟ್ಟು ಬರುತ್ತಿತ್ತು.

ಮುಂದೆ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗಿ ಸೌತ್ ಝೋನ್ ಆಡಲು ಹೋದೆ. ನಮ್ಮ ಊರ ಕಡೆ ನಾನು ಚೆಂಡು ಹಿಡಿದು ಹೊರಟರೆ ತಡೆಯುವವರೇ ಇರಲಿಲ್ಲ. ಅಲ್ಲಿ ತಮಿಳುನಾಡಿನ ಒಂದು ಟೀಮಿನ ಎದುರು ಅರ್ಧ ಅಂಕಣ ದಾಟುವುದೇ ಕಷ್ಟವಾಯಿತು. ಪಾಸ್ ಕೊಡಬೇಕು ಅಂತ ಒಂದು ಕಡೆ ನೋಡಿದರೆ, ಆ ಜಾಗಕ್ಕೆ ಅವರ ಹುಡುಗಿ ಆಗಲೇ ಬಂದಿರುತ್ತಿದ್ದಳು. ಅವತ್ತು ನಾನು ಕೆಟ್ಟದಾಗಿ ಆಡಲಿಲ್ಲ. ಅದೇ ಕೈ, ಅದೇ ಆಟ, ಅದೇ ಶೂ. ಎದುರಿಗೆ ನಿಂತವರು ಬೇರೆ. ಸರ್ ಕೇಳುತ್ತಿದ್ದ ಪ್ರಶ್ನೆ ಅವತ್ತು ಅರ್ಥವಾಯಿತು.

ಈಗ ನಾನಿರುವುದು ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ. ನವೆಂಬರ್ ಬಂತೆಂದರೆ ಬುಧವಾರ ಸಂಜೆ, ಶನಿವಾರ ಮಧ್ಯಾಹ್ನ ನನ್ನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕರೆದರೂ ಬರಲ್ಲ ಅಂತ ಗೊತ್ತು. ಆ ಹೊತ್ತಿಗೆ ನಾನು ಸ್ನೆಲ್ಲಿಂಗ್ ಅವೆನ್ಯೂ ಮೇಲಿನ ಹಟನ್ ಅರೀನಾದಲ್ಲಿ, ಹ್ಯಾಮ್ಲಿನ್ ಯೂನಿವರ್ಸಿಟಿಯ ಹುಡುಗರ ಆಟ ನೋಡುತ್ತಾ ಕೂತಿರುತ್ತೇನೆ. ಹಳೆಯ ಇಟ್ಟಿಗೆ ಕಟ್ಟಡ. ಹೊರಗೆ ಮೈನಸ್ ಇಪ್ಪತ್ತು ಇದ್ದರೂ ಒಳಗೆ ಜಾಕೆಟ್ ಬಿಚ್ಚಿ ಪಕ್ಕಕ್ಕಿಡಬಹುದು. ಅಂಕಣಕ್ಕೆ ಎಷ್ಟು ಹತ್ತಿರ ಕೂರಬಹುದೆಂದರೆ, ಟೈಮ್‌ಔಟ್‌ನಲ್ಲಿ ಕೋಚ್ ಹೇಳುವ ಮಾತು ಕಿವಿಗೆ ಬೀಳುತ್ತದೆ.

ಈ ಹ್ಯಾಮ್ಲಿನ್‌ಗೆ ಒಂದು ದೊಡ್ಡ ಕಥೆ ಇದೆ. ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯ ಎಂದು ಹೆಸರಾದ ಆಟ ನಡೆದದ್ದು ಇಲ್ಲೇ, 1895ರ ಫೆಬ್ರುವರಿ 9ರಂದು. ಎದುರಾಳಿ ಮಿನ್ನೆಸೋಟದ ಕೃಷಿ ಶಾಲೆ. ಒಂದೊಂದು ಕಡೆ ಒಂಬತ್ತು ಜನ. ಆಡಿದ್ದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಸೂರು ತಲೆಗೆ ತಾಗುವ ಹಾಗಿದ್ದ ಜಾಗದಲ್ಲಿ. ಹ್ಯಾಮ್ಲಿನ್ 9–3ರಿಂದ ಸೋತಿತು. ಆಟವನ್ನು ಅಲ್ಲಿಗೆ ತಂದ ರೇ ಕೇಯ್ನ್, ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಆಡಿಸಿದ ಮೊಟ್ಟಮೊದಲ ಆಟದಲ್ಲಿ ಆಡಿದವರು. ಮುಂದೆ ಇದೇ ಕಾಲೇಜಿನಿಂದ ಹೊರಟ ವರ್ನ್ ಮಿಕೆಲ್ಸನ್ ವೃತ್ತಿಪರರ ಲೀಗ್ ಎನ್‌ಬಿಎಯ ಮಿನ್ನಿಯಾಪೊಲಿಸ್ ಲೇಕರ್ಸ್ ಜತೆ ನಾಲ್ಕು ಚಾಂಪಿಯನ್‌ಶಿಪ್ ಗೆದ್ದು ಹಾಲ್ ಆಫ್ ಫೇಮ್ ಸೇರಿದರು. ಅವರ ಕಾಲದಲ್ಲಿ ಇಲ್ಲಿನ ಕಾಲೇಜು ಆಟಗಳಿಗೆ ಡಿವಿಷನ್ ಒಂದು, ಎರಡು, ಮೂರು ಅಂತ ಗೋಡೆಗಳೇ ಇರಲಿಲ್ಲ. ಆ ಗೋಡೆ ಎದ್ದದ್ದು 1973ರಲ್ಲಿ.

ಡಿವಿಷನ್ ತ್ರೀ, ಇಲ್ಲಿಯವರ ಬಾಯಲ್ಲಿ ಡಿ-3, ಅಂದರೆ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡದ ಕಾಲೇಜುಗಳ ಗುಂಪು. ಹ್ಯಾಮ್ಲಿನ್ ಈಗಿರುವುದು ಇದರಲ್ಲೇ. ನಾನೂರಕ್ಕೂ ಜಾಸ್ತಿ ಕಾಲೇಜುಗಳಿವೆ. ಓದಿಗೆ, ಮನೆಯ ಪರಿಸ್ಥಿತಿಗೆ ಸಹಾಯ ಸಿಗುತ್ತದೆ. ಚೆಂಡು ಬುಟ್ಟಿಗೆ ಹಾಕಿದ್ದಕ್ಕೆ ಒಂದು ಡಾಲರ್ ಕೂಡ ಇಲ್ಲ. ಟಿವಿಯಲ್ಲಿ ಮಾರ್ಚ್ ಬಂದಾಗ ನೋಡುವ ಡ್ಯೂಕ್, ಕೆಂಟಕಿ ಎಲ್ಲ ಡಿ-1, ಆಟಕ್ಕೆ ಸ್ಕಾಲರ್‌ಶಿಪ್ ಕೊಡುವ ಮೇಲಿನ ಗುಂಪು. ಬುಟ್ಟಿಯ ಎತ್ತರ ಎರಡೂ ಕಡೆ ಹತ್ತು ಅಡಿಯೇ. ಅಂಕಣದ ಉದ್ದವೂ 94 ಅಡಿಯೇ.

ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿದೆ? ಈ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. ಇದಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಸ್ಕೋರ್. ಬಲಗಡೆ ಒಂದು ಕಾಲಂಗೆ "ಎದುರು" ಅಂತ ಹೆಸರಿಟ್ಟಿದ್ದೇನೆ. ಎದುರಾಳಿ ಯಾರು, ಅವರು ಅದಕ್ಕೂ ಮುಂಚೆ ಯಾರನ್ನು ಸೋಲಿಸಿದ್ದರು, ಮನೆಯಂಗಳದಲ್ಲಿ ಆಡಿದರಾ, ಹಿಮದಲ್ಲಿ ನಾಲ್ಕು ಗಂಟೆ ಬಸ್ಸಿನಲ್ಲಿ ಮೂರ್‌ಹೆಡ್‌ಗೆ ಹೋಗಿ ಆಡಿದರಾ, ಎಲ್ಲ ಅಲ್ಲಿ ಬರೆಯುತ್ತೇನೆ. ಕನ್ನಡದಲ್ಲೇ ಬರೆಯುತ್ತೇನೆ. ಆಟದ ವಿಷಯ ನನಗೆ ಬೇರೆ ಭಾಷೆಯಲ್ಲಿ ಯೋಚಿಸಲು ಬರುವುದಿಲ್ಲ.

ಡಿ-3 ಒಳಗೇ ಎಷ್ಟು ಮೆಟ್ಟಿಲು ಇವೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಕ್ಯಾಲ್‌ಟೆಕ್ ಅನ್ನೇ ತೆಗೆದುಕೊಳ್ಳಿ. ವಿಜ್ಞಾನಕ್ಕೆ ಜಗತ್ತಿಗೇ ಹೆಸರಾದ ಕಾಲೇಜು. ಪ್ರತಿ ವರ್ಷ ತಮ್ಮೊಳಗೇ ಆಡುವ ಕಾಲೇಜುಗಳ ಕೂಟವಾದ ತನ್ನ ಕಾನ್ಫರೆನ್ಸ್‌ನಲ್ಲಿ ಸತತ 310 ಪಂದ್ಯ ಸೋತು, 2011ರ ಫೆಬ್ರುವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಸೋಲಿಸಿತು. ಒಂದೇ ಪಾಯಿಂಟ್! ಅದೂ ಡಿ-3. ಇನ್ನೊಂದು ಕಡೆ ನಮ್ಮ ಪಕ್ಕದ ವಿಸ್ಕಾನ್ಸಿನ್. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳ ಕಾನ್ಫರೆನ್ಸ್ ಒಂದರಿಂದಲೇ ಹದಿಮೂರು ರಾಷ್ಟ್ರೀಯ ಚಾಂಪಿಯನ್‌ಶಿಪ್ ಬಂದಿವೆ: ಪ್ಲಾಟ್‌ವಿಲ್ ನಾಲ್ಕು, ವೈಟ್‌ವಾಟರ್ ನಾಲ್ಕು, ಸ್ಟೀವನ್ಸ್ ಪಾಯಿಂಟ್ ನಾಲ್ಕು, 2019ರಲ್ಲಿ ಆಶ್‌ಕಾಶ್ ಒಂದು. ಅದೂ ಡಿ-3.

ಆ ಕಾನ್ಫರೆನ್ಸ್‌ನ ರಿವರ್ ಫಾಲ್ಸ್ ನಮ್ಮ ಮನೆಯಿಂದ ಸುಮಾರು ಮೂವತ್ತು ಮೈಲಿ. ಸೇಂಟ್ ಕ್ರಾಯ್ ನದಿ ದಾಟಿದರೆ ಆಯಿತು. ಮೊದಲ ಸಲ ಅಲ್ಲಿ ಹೋಗಿ ಕೂತಾಗ ನನ್ನ ಕಣ್ಣು ಹೋದದ್ದು ಎತ್ತರದ ಕಡೆಗಲ್ಲ, ಭುಜಗಳ ಕಡೆಗೆ. ಸ್ಕ್ರೀನ್ ಹಾಕಿ, ಅಂದರೆ ಎದುರಾಳಿಯ ದಾರಿಗೆ ಅಡ್ಡವಾಗಿ, ನಿಂತ ಹುಡುಗನಿಗೆ ಇನ್ನೊಬ್ಬ ಬಂದು ಡಿಕ್ಕಿ ಹೊಡೆದರೂ ಅವನು ಅಲುಗುತ್ತಿರಲಿಲ್ಲ. ನಮ್ಮ ಮಿನ್ನೆಸೋಟದ ಖಾಸಗಿ ಕಾಲೇಜುಗಳ ಆಟದಲ್ಲಿ ಪಾಸ್ ಚೆನ್ನಾಗಿರುತ್ತದೆ, ಶೂಟಿಂಗ್ ಚೆನ್ನಾಗಿರುತ್ತದೆ. ಅಲ್ಲಿ ಅದರ ಜತೆಗೆ ಮೈಕಟ್ಟೂ ಇತ್ತು. ನವೆಂಬರ್, ಡಿಸೆಂಬರ್‌ನಲ್ಲಿ ಈ ಎರಡು ಕಾನ್ಫರೆನ್ಸ್‌ಗಳು ಮುಖಾಮುಖಿಯಾಗುವ ಪಂದ್ಯಗಳೇ ನನ್ನ ನೋಟ್‌ಬುಕ್‌ನ ಜೀವ. ಜನವರಿಯಿಂದ ಎಲ್ಲರೂ ತಮ್ಮ ತಮ್ಮ ಕಾನ್ಫರೆನ್ಸ್ ಒಳಗೇ ಆಡುತ್ತಾರೆ. ಆಗ ಅಳತೆಗೋಲು ಸಿಗುವುದಿಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ನನಗೆ ನೆನಪಾಗುವುದು ಐಯೋವಾದ ಗ್ರಿನೆಲ್ ಕಾಲೇಜು. 2012ರ ನವೆಂಬರ್ 20ರಂದು ಅಲ್ಲಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಪಾಯಿಂಟ್ ಹೊಡೆದ. ಜಗತ್ತೆಲ್ಲ ಸುದ್ದಿಯಾಯಿತು. ದಾವಣಗೆರೆಯಿಂದ ಅಣ್ಣ ಕೂಡ ಲಿಂಕ್ ಕಳಿಸಿದ. ನನ್ನ ಬಾಯಿಂದ ತಕ್ಷಣ ಬಂದದ್ದು ಸರ್ ಪ್ರಶ್ನೆ. ಯಾರ ಎದುರು? ಎದುರಿಗಿದ್ದದ್ದು ಫೇತ್ ಬ್ಯಾಪ್ಟಿಸ್ಟ್ ಬೈಬಲ್ ಅನ್ನುವ ಪುಟ್ಟ ಧಾರ್ಮಿಕ ಕಾಲೇಜು. ಅದು ಡಿ-3ಯೂ ಅಲ್ಲ. ಗ್ರಿನೆಲ್ ಆಡುವ ಪದ್ಧತಿಯೇ ಬೇರೆ: ಇಡೀ ಅಂಕಣದಲ್ಲಿ ಒತ್ತಡ, ಸಿಕ್ಕ ಕೂಡಲೇ ಶಾಟ್, ನಿಮಿಷಕ್ಕೊಮ್ಮೆ ಐದೂ ಜನರ ಬದಲಾವಣೆ. ಟೇಲರ್ ಅವತ್ತು 108 ಶಾಟ್ ಹೊಡೆದ, 52 ಬಿದ್ದವು. ಇದರಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಂದು ಸಂಖ್ಯೆ ಇದೆ. ಸೋತ ಟೀಮಿನ ಡೇವಿಡ್ ಲಾರ್ಸನ್ 70 ಪಾಯಿಂಟ್ ಹೊಡೆದ, 44ರಲ್ಲಿ 34 ಶಾಟ್ ಹಾಕಿದ. ಗ್ರಿನೆಲ್‌ನ ಡಿಫೆನ್ಸ್ ಹೇಗಿತ್ತು ಅಂತ ಆ ಸಂಖ್ಯೆಯೇ ಹೇಳುತ್ತದೆ, ಅಲ್ವಾ?

108 ಸಲ ಕೈ ಎತ್ತಿ ಚೆಂಡು ಬಿಡುವುದು ಸುಲಭದ ಮಾತಲ್ಲ. ಟೇಲರ್ ಬಗ್ಗೆ ನನಗೆ ಗೌರವ ಇದೆ. ಆದರೆ ಆ 138ನ್ನು ಎದುರಾಳಿಯ ಹೆಸರಿಲ್ಲದೆ ಹೇಳಿದರೆ ಅದು ಅರ್ಧ ಮಾತು. ಲಾರ್ಸನ್‌ಗೂ ಅನ್ಯಾಯ.

ಲೆವೆಲ್ ಅಳೆಯಲು ನಿಜವಾದ ದಾರಿ ಒಂದೇ ಅಂತ ನನಗೆ ಅನಿಸುತ್ತದೆ. ಗೋಡೆ ದಾಟಿ ಹೋದವರನ್ನು ನೋಡಬೇಕು. ಕಂಪ್ಯೂಟರ್ ರೇಟಿಂಗ್‌ಗಳನ್ನು ನಾನೂ ದಿನಾ ನೋಡುತ್ತೇನೆ. ಆದರೆ ಅವರನ್ನು ಇವರು ಸೋಲಿಸಿದರು, ಇವರನ್ನು ಮತ್ತೊಬ್ಬರು ಸೋಲಿಸಿದರು ಅನ್ನುವ ಸರಪಳಿ ಉದ್ದವಾದಷ್ಟೂ ನಂಬಿಕೆ ಕಡಿಮೆಯಾಗುತ್ತದೆ.

ಡಂಕನ್ ರಾಬಿನ್ಸನ್ ದಾಟಿದವನು. 2014ರಲ್ಲಿ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿಗೆ ಆಡುತ್ತಿದ್ದ. ಡಿ-3 ಫೈನಲ್‌ನಲ್ಲಿ ವೈಟ್‌ವಾಟರ್ ಎದುರು 75–73ರಿಂದ, ಕೊನೆಯ ಕ್ಷಣದ ಬುಟ್ಟಿಯಿಂದ ಸೋತರು. ಆಮೇಲೆ ಅವನು ಡಿ-1ನ ಮಿಶಿಗನ್‌ಗೆ ಹೋದ. ಒಂದು ವರ್ಷ ಆಡದೆ ಕೂರಬೇಕಾಯಿತು. 2018ರಲ್ಲಿ ಡಿ-1 ಫೈನಲ್ ಆಡಿದ, ಅಲ್ಲೂ ಸೋತ. 2020ರಲ್ಲಿ ಮಯಾಮಿ ಹೀಟ್ ಜತೆ ಎನ್‌ಬಿಎ ಫೈನಲ್ ಆಡಿದ, ಅಲ್ಲೂ ಲೇಕರ್ಸ್ ಎದುರು ಸೋತ. ಆ ಸೀಸನ್‌ನಲ್ಲಿ 270 ತ್ರೀ, ಅಂದರೆ ದೂರದಿಂದ ಹಾಕುವ ಮೂರು ಪಾಯಿಂಟ್ ಶಾಟ್, ಹೊಡೆದಿದ್ದ. ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಹುಡುಗ ಅವನು.

ವಿಲಿಯಮ್ಸ್‌ನ ಹಳೆಯ ವಿಡಿಯೋ, ಹೀಟ್‌ನ ವಿಡಿಯೋ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಶಾಟ್ ಹೆಚ್ಚು ಬದಲಾಗಿಲ್ಲ. ಅದೇ ಮೊಣಕೈ, ಅದೇ ಎತ್ತರದ ಬಿಡುಗಡೆ. ಬದಲಾದದ್ದು ಚೆಂಡು ಬರುವುದಕ್ಕೆ ಮುಂಚಿನ ಕೆಲಸ. ಡಿ-3ಯಲ್ಲಿ ಅವನು ನಿಂತು ಕಾಯಬಹುದಿತ್ತು. ಓಡಿ ಬರುವ ಡಿಫೆಂಡರ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಬೇಕಾಗುತ್ತಿತ್ತು. ಮೇಲೆ ಹೋದ ಹಾಗೆ ಆ ಅರ್ಧ ಸೆಕೆಂಡ್ ಅವನಿಗೆ ಸಿಗಲಿಲ್ಲ, ಓಡಿ ಓಡಿ ಸಂಪಾದಿಸಬೇಕಾಯಿತು. ನನ್ನ ಪ್ರಕಾರ ಡಿವಿಷನ್‌ಗಳ ನಡುವಿನ ವ್ಯತ್ಯಾಸ ಆ ಅರ್ಧ ಸೆಕೆಂಡೇ. ಸೌತ್ ಝೋನ್‌ನಲ್ಲಿ ನನ್ನ ಪಾಸ್ ತಡೆದ ಹುಡುಗಿಯ ಹತ್ತಿರವೂ ಅದೇ ಇತ್ತು.

ಬೋ ರಯಾನ್ ಕೋಚ್ ಆಗಿ ದಾಟಿದವರು. ಪ್ಲಾಟ್‌ವಿಲ್‌ನ ನಾಲ್ಕು ಚಾಂಪಿಯನ್‌ಶಿಪ್‌ಗಳೂ ಅವರವೇ. 2015ರಲ್ಲಿ ವಿಸ್ಕಾನ್ಸಿನ್‌ನ ಡಿ-1 ಟೀಮಿನ ಕೋಚ್ ಆಗಿ, ಅಲ್ಲಿಯವರೆಗೆ 38 ಪಂದ್ಯಗಳಲ್ಲಿ ಒಂದನ್ನೂ ಸೋಲದ ಕೆಂಟಕಿಯನ್ನು 71–64ರಿಂದ ಸೋಲಿಸಿದರು. ಪ್ಲಾಟ್‌ವಿಲ್‌ನಲ್ಲಿ ಕಲಿಸಿದ ಪಾಠ ದೊಡ್ಡವರ ಎದುರೂ ನಡೆಯಿತು.

ಆದರೆ ಇಡೀ ಟೀಮೇ ಗೋಡೆ ದಾಟಿದ್ದು ನಮ್ಮ ಊರಿನಲ್ಲಿ. ಸೇಂಟ್ ಥಾಮಸ್ ಯೂನಿವರ್ಸಿಟಿ ಹ್ಯಾಮ್ಲಿನ್‌ನಿಂದ ಕಾರಿನಲ್ಲಿ ಹತ್ತು ನಿಮಿಷ. ಮಿನ್ನೆಸೋಟ ಕಾನ್ಫರೆನ್ಸ್‌ನ್ನು 1920ರಲ್ಲಿ ಕಟ್ಟಿದವರಲ್ಲಿ ಅವರೂ ಒಬ್ಬರು. ಬ್ಯಾಸ್ಕೆಟ್‌ಬಾಲ್‌ನಲ್ಲಿ 2011, 2016ರಲ್ಲಿ ಡಿ-3 ಚಾಂಪಿಯನ್ನರು. ಬೇರೆ ಆಟಗಳಲ್ಲೂ ಹಾಗೇ. 2017ರಲ್ಲಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೇಂಟ್ ಓಲಾಫ್ ಕಾಲೇಜನ್ನು 97–0 ಸೋಲಿಸಿದರು. 2019ರಲ್ಲಿ ಕಾನ್ಫರೆನ್ಸ್‌ನವರು, ನಿಮ್ಮ ಜತೆ ಸಮಬಲವೇ ಉಳಿದಿಲ್ಲ ಅಂತ ಹೊರಗೆ ಕಳಿಸಿದರು. ತೊಂಬತ್ತೊಂಬತ್ತು ವರ್ಷದ ನೆಂಟಸ್ತನ. ಅವರು 2021ರಲ್ಲಿ ನೇರವಾಗಿ ಡಿ-1ಗೇ ಏರಿದರು. ಈ ಕಾಲದಲ್ಲಿ ಹಾಗೆ ಎರಡು ಮೆಟ್ಟಿಲು ಒಟ್ಟಿಗೆ ಹತ್ತಿದವರು ಅವರೇ ಮೊದಲು.

ಮೊದಲ ಸೀಸನ್‌ನಲ್ಲಿ 10 ಗೆಲುವು, 20 ಸೋಲು. ಎಲ್ಲರೂ "ಅಯ್ಯೋ ಪಾಪ" ಅಂದರು. ನಾನು ಮಾತ್ರ ಆ ಹತ್ತನ್ನು ನೋಡಿ ಕೂತಲ್ಲೇ ಬೆರಗಾದೆ. ಯಾಕೆಂದರೆ ಆ ಟೀಮಿನಲ್ಲಿ ಡಿ-3 ಆಡಲೆಂದೇ ಸೇರಿದ್ದ ಹುಡುಗರು ಹಲವರಿದ್ದರು. ಕೋಚ್ ಕೂಡ ಡಿ-3 ಕಾಲದಲ್ಲಿದ್ದ ಜಾನಿ ಟಾವರ್ ಅವರೇ. ಅಲ್ಲೇ ಸೈಕಾಲಜಿ ಪಾಠ ಮಾಡಿದ ಮೇಷ್ಟ್ರು. 2024–25ರ ಹೊತ್ತಿಗೆ 24 ಗೆಲುವು, ಕಾನ್ಫರೆನ್ಸ್ ಫೈನಲ್.

ನಮ್ಮ ಪಕ್ಕದ ಮನೆಯ ಅಜ್ಜ ಸೇಂಟ್ ಥಾಮಸ್‌ನಲ್ಲಿ ಓದಿದವರು. ಪೋಸ್ಟ್ ಆಫೀಸಿನಿಂದ ರಿಟೈರ್ ಆಗಿದ್ದಾರೆ. ಈಗಲೂ ಬುಧವಾರ ನನ್ನ ಜತೆ ಹ್ಯಾಮ್ಲಿನ್‌ಗೆ ಬರುತ್ತಾರೆ. ತಮ್ಮ ಕಾಲೇಜು ಇಲ್ಲಿ ಆಡುತ್ತಿದ್ದ ರಾತ್ರಿಗಳು ಅವರಿಗೆ ನೆನಪಾಗುತ್ತವೆ. ಹೊಸ ಎದುರಾಳಿಗಳ ಊರುಗಳು ದೂರ, ಹೆಸರುಗಳು ಹೊಸವು, ಹಗೆಯೂ ಇಲ್ಲ ಪ್ರೀತಿಯೂ ಇಲ್ಲ ಅನ್ನುತ್ತಾರೆ. ಅದು ನಿಜವಾದ ನಷ್ಟ ಅಂತ ನನಗೂ ಅನಿಸುತ್ತದೆ.

ನಮ್ಮಿಬ್ಬರ ನಡುವೆ ಒಂದು ಜಗಳ ಮೂರು ಚಳಿಗಾಲದಿಂದ ನಡೆಯುತ್ತಿದೆ. ಡಿ-3 ಚಾಂಪಿಯನ್ ಆದ 2016ರ ಟೀಮು, ಡಿ-1ನಲ್ಲಿ 20 ಪಂದ್ಯ ಸೋತ 2022ರ ಟೀಮು, ಎರಡೂ ಎದುರಾದರೆ ಯಾರು ಗೆಲ್ಲುತ್ತಾರೆ? ಅಜ್ಜ 2016 ಅನ್ನುತ್ತಾರೆ. ಗೆದ್ದು ಗೆದ್ದು ರೂಢಿಯಾದ ಟೀಮು, ಕೊನೆಯ ಎರಡು ನಿಮಿಷದಲ್ಲಿ ಕೈ ನಡುಗುವುದಿಲ್ಲ ಅನ್ನುವುದು ಅವರ ವಾದ. ನಾನು 2022 ಅನ್ನುತ್ತೇನೆ. ವಾರಕ್ಕೆರಡು ಸಲ ತಮಗಿಂತ ದೊಡ್ಡವರ ಎದುರು ನಿಂತ ಹುಡುಗರಿಗೆ ಆ ಅರ್ಧ ಸೆಕೆಂಡ್ ಅಭ್ಯಾಸವಾಗಿರುತ್ತದೆ. ಹನ್ನೆರಡು ಪಾಯಿಂಟ್‌ನಿಂದ ಗೆಲ್ಲುತ್ತಾರೆ ಅಂತ ನೋಟ್‌ಬುಕ್‌ನಲ್ಲಿ ಬರೆದೂ ಇಟ್ಟಿದ್ದೇನೆ.

ಹೋದ ವಾರ ಅಜ್ಜ ಆ ಪುಟವನ್ನು ತಿರುಗಿಸಿ ನೋಡಿದರು. ಕನ್ನಡ ಓದಲು ಬರುವುದಿಲ್ಲ, ಅಂಕಿ ಮಾತ್ರ ಕಂಡಿತು. ಜೇಬಿನಿಂದ ಪೆನ್ನು ತೆಗೆದು 12ನ್ನು ಹೊಡೆದು ಹಾಕಿ, ಪಕ್ಕದಲ್ಲಿ 4 ಅಂತ ಬರೆದರು. ಶನಿವಾರ 2016ರ ಸ್ಕೋರ್‌ಶೀಟ್‌ಗಳ ಡಬ್ಬಿಯನ್ನೇ ತರುತ್ತಾರಂತೆ.